ಹಿಟ್ಟಿನಲ್ಲಿ ಮಾಡಿದ ಟಗರಿನ ತಲೆ

ಕೆಗೆನ್
14 ಅಕ್ಟೋಬರ್ 2016

ಮೋಲ್ದಿರ್,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ. ಮೊನ್ನೆ ಬುಧವಾರ ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಿ ಕೈ ತೊಳೆಯುತ್ತಿದ್ದೆ. ಐದು ಜನ ಹೆಂಗಸರು ಗೇಟು ದಾಟುವ ಮೊದಲೇ ದನಿ ತೆಗೆದು ಅಳುತ್ತಾ ಬಂದರು. ಮುಂದೆ ಇದ್ದವಳು ಕೆಳಬೀದಿಯ ಕುಲ್ಝಾನ್. ನನ್ನ ಕೊರಳಿಗೆ ಜೋತುಬಿದ್ದು, ತಾಯಿಯನ್ನು ಬಿಟ್ಟು ಹೋದೆಯಾ ನನ್ನ ಕುದುರೆಮರಿಯೇ ಎಂದು ಹಾಡಿಕೊಂಡು ಅತ್ತಳು. ನಾನೂ ಅತ್ತೆ. ಯಾರಿಗಾಗಿ ಎಂದು ತಿಳಿಯದೆ ಒಂದು ಗಳಿಗೆ ಪೂರ್ತಿ ಅತ್ತೆ. ಬಾಗಿಲಿಗೆ ಅಳುತ್ತಾ ಬಂದವರ ಎದುರು ಸುಮ್ಮನೆ ನಿಲ್ಲುವುದು ಹೇಗೆ? ಅವಳು ಉಸಿರು ತೆಗೆದುಕೊಳ್ಳುವಾಗ ಕೇಳಿದೆ, "ಯಾರು ಹೋದದ್ದು ಕುಲ್ಝಾನ್?"

ಅವಳು ನನ್ನ ಮುಖವನ್ನೇ ನೋಡಿದಳು. "ನಿನ್ನ ತಲ್ಗತ್ ಕಣೇ. ನಿಂಗೆ ಯಾರೂ ಹೇಳೇ ಇಲ್ವಾ?"

ನನ್ನ ಮಗ, ನಿನ್ನ ಗಂಡ. ಆಮೇಲೆ ಗೊತ್ತಾಯಿತು, ಅದು ಸುಳ್ಳು ಸುದ್ದಿ, ಹೊರಟದ್ದು ನಿನ್ನ ಮನೆಯಿಂದ. ಕುಲ್ಝಾನಳ ಅಣ್ಣ ಕಪಾನ್ ನಿನ್ನ ಕಟ್ಟಡದಲ್ಲೇ ಇದ್ದಾನಂತಲ್ಲ. ನನ್ನ ಮೊಮ್ಮಗ ಸಂಜಾರನ ಹುಟ್ಟುಹಬ್ಬದಲ್ಲಿ ನೀನು ಹಿಟ್ಟಿನಲ್ಲಿ ಟಗರಿನ ತಲೆ ಮಾಡಿ ಇಟ್ಟೆಯಂತೆ. ಏಳು ವರ್ಷದ ಹುಡುಗ ಚಾಕು ಹಿಡಿದು ಅದನ್ನು ಕೊಯ್ದನಂತೆ. ಅಪ್ಪ ಬದುಕಿರುವವನು ಊಟಕ್ಕೆ ಮುಂದೆ ಇಟ್ಟ ತಲೆಗೆ ಚಾಕು ಹಾಕುವುದಿಲ್ಲ, ಇದು ನಿನಗೆ ನಾನು ಹೇಳಿಕೊಡಬೇಕೇ? ತಲ್ಗತ್ ತನ್ನ ಅಪ್ಪನ ಎದುರು ನಲವತ್ತನೆಯ ವಯಸ್ಸಿನವರೆಗೂ ತಲೆಯ ತಟ್ಟೆಯನ್ನು ಮುಟ್ಟಿರಲಿಲ್ಲ. ಯಾಕೆ ಕೊಯ್ಯುತ್ತೀ ಎಂದು ಕೇಳಿದ್ದಕ್ಕೆ ಹುಡುಗ, ಅಪ್ಪ ಸತ್ತಿದ್ದಾನೆ ಅಂದನಂತೆ.

ಮಗುವಿನ ಬಾಯಿಗೆ ಆ ಮಾತು ಹಾಕಿದವರು ಯಾರು? ಗಂಡ ಮನೆಗೆ ಬರುತ್ತಿಲ್ಲ ಎಂಬ ಸಿಟ್ಟು ನಿನಗಿರಬಹುದು. ಅದಕ್ಕೆ ಅವನನ್ನು ಮಣ್ಣು ಮಾಡಿಬಿಡುವುದೇ? ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅಲ್ಮಾಟಿಗೆ ಹೋಗುವ ಬೋಲತ್‌ನ ವ್ಯಾನಿನಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ, ಪೂರ್ತಿ ಓದು.

ರಾಬಿಗಾ


ಅಲ್ಮಾಟಿ
19 ಅಕ್ಟೋಬರ್

ಅತ್ತೆಯವರಿಗೆ,

ಪೂರ್ತಿ ಓದಿದೆ, ಎರಡು ಸಲ. ಫೋನ್ ಎತ್ತದಿರುವುದಕ್ಕೆ ಕಾರಣವಿದೆ. ನಮ್ಮದು ಒಂದೇ ಕೋಣೆಯ ಮನೆ. ನೀವು ಫೋನಿನಲ್ಲಿ ಕೂಗಿದರೆ ಸೋಫಾದ ಮೇಲಿರುವ ಹುಡುಗನಿಗೆ ಒಂದೊಂದು ಅಕ್ಷರವೂ ಕೇಳಿಸುತ್ತದೆ. ಬೈಯುವುದಿದ್ದರೆ ಬರೆದೇ ಬೈಯಿರಿ.

ಈಗ ನಡೆದದ್ದನ್ನು ನನ್ನ ಬಾಯಿಂದ ಕೇಳಿ, ಕುಲ್ಝಾನ್ ಬಾಯಿಂದ ಬೇಡ. ಊರಿನ ಮಕ್ಕಳ ಹುಟ್ಟುಹಬ್ಬಕ್ಕೆಲ್ಲ ಊಟದ ಮೇಜು ಸಿಂಗರಿಸಿ ಕೊಡುವುದು ನನ್ನ ಕಸುಬು. ನೀವು ಅದನ್ನು ಆಟದ ಅಡುಗೆ ಅನ್ನುತ್ತೀರಿ. ಆ ಆಟದ ಅಡುಗೆಯೇ ನಿಮ್ಮ ಮೊಮ್ಮಗನ ಶಾಲೆ, ಬೂಟು, ಬಾಡಿಗೆ ಎಲ್ಲವನ್ನೂ ನೋಡಿಕೊಳ್ಳುತ್ತಿದೆ. ಈ ಸಲ ಯಾವ ಪಾರ್ಟಿ ಬೇಕೋ ಎಂದು ಸಂಜಾರನನ್ನು ಕೇಳಿದೆ. ಕಡಲ್ಗಳ್ಳರ ಹಡಗು ಮಾಡುತ್ತೇನೆ ಅಂದೆ, ಬೇಡ ಅಂದ. ಡೈನೋಸಾರ್ ಬೇಡ, ಚಂದ್ರಲೋಕ ಬೇಡ. ಅಜ್ಜಿ ಊರಿನ ಹುಲ್ಲುಗಾವಲು ಬೇಕು ಅಂದ. ಅವನು ನಿಮ್ಮ ಜೊತೆ ಕಳೆದ ಬೇಸಿಗೆ ಅವನಿಗೆ ಅಷ್ಟು ಹಿಡಿಸಿದೆ ಎಂದು ನನಗೆ ಸಂತೋಷವೇ ಆಯಿತು, ನೋಡಿ ನನ್ನ ದಡ್ಡತನ.

ಒಂದು ದೊಡ್ಡ ಹಲಗೆಯ ತುಂಬ ಸಬ್ಬಸಿಗೆ ಸೊಪ್ಪು ಹರಡಿ ಹುಲ್ಲು ಮಾಡಿದೆ. ಬೇಯಿಸಿದ ಹೂಕೋಸಿನ ತುಂಡುಗಳಿಗೆ ಆಲಿವ್ ಹಣ್ಣಿನ ತಲೆ ಚುಚ್ಚಿ ಮೂವತ್ತು ಕುರಿ. ದುಂಡನೆಯ ಬನ್ನುಗಳಿಗೆ ಚೀಸಿನ ಪಟ್ಟಿ ಸುತ್ತಿ ಗುಡಾರಗಳು. ಹಿಟ್ಟಿನ ಉಂಡೆ ಕರಿದ ಬೌರ್ಸಾಕ್‌ಗಳನ್ನು ಗುಡ್ಡೆ ಹಾಕಿ ಬೆಟ್ಟ, ಅದರ ಮೇಲೆ ಮೊಸರಿನ ಹಿಮ. ನಡುವೆ ನೀಲಿ ಜೆಲ್ಲಿಯ ಕೊಳ. ಇಷ್ಟಕ್ಕೂ ಎರಡು ಗಂಟೆ ಸಾಕಾಯಿತು. ಹುಲ್ಲುಗಾವಲಿನಲ್ಲಿ ಹಬ್ಬ ಎಂದಮೇಲೆ ತಲೆ ಇಲ್ಲದಿದ್ದರೆ ಹೇಗೆ ಎಂದು ಹುಡುಗನೇ ಹಠ ಹಿಡಿದ. ಹಿಟ್ಟಿನಲ್ಲಿ ಮಾಡಿ, ಒಳಗೆ ಖೀಮಾ ತುಂಬಿ, ಒಣದ್ರಾಕ್ಷಿಯ ಕಣ್ಣು ಇಟ್ಟು ಬೇಯಿಸಿದೆ. ಅದು ರೊಟ್ಟಿ, ಅತ್ತೆ. ರೊಟ್ಟಿಗೂ ಶಾಸ್ತ್ರ ಅಂಟುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಹರಸುವುದಕ್ಕೆ ಮನೆಯಲ್ಲಿ ಒಬ್ಬ ಹಿರಿಯ ಗಂಡಸು ಬೇಕಲ್ಲ, ಕಪಾನ್ ತಾತನನ್ನು ಕರೆದಿದ್ದೆ. ಅವರು ತಮಾಷೆಗೇ ಅಂದರು, "ಏಯ್ ಮರಿ, ಚಾಕು ಇಡು. ಅಪ್ಪ ಇರೋನು ತಲೆ ಮುಟ್ಟಬಾರ್ದು, ಇತ್ಲಾಗೆ ಕೊಡು."

"ನಂಗೆ ಅಪ್ಪ ಇಲ್ಲ ತಾತ, ಸತ್ತೋಗಿದ್ದಾರೆ. ನಾನು ಕುಯ್ಬಹುದು" ಎಂದ ನಿಮ್ಮ ಮೊಮ್ಮಗ. ದೊಡ್ಡವರಂತೆ ಬಲಗಿವಿ ಕೊಯ್ದು ಎಲ್ಲರಿಗಿಂತ ಚಿಕ್ಕ ಹುಡುಗಿಗೆ ಕೊಟ್ಟ. ಹನ್ನೆರಡು ಮಕ್ಕಳು, ಅವರ ತಾಯಂದಿರು, ಎಲ್ಲರೂ ತಟ್ಟೆ ಹಿಡಿದು ಹಾಗೇ ನಿಂತರು. ತಾತ ಎರಡೂ ಕೈ ಎತ್ತಿ ಸತ್ತವರ ಪ್ರಾರ್ಥನೆ ಹೇಳಿದರು. ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. ಹುಟ್ಟುಹಬ್ಬದ ದಿನ ಅಷ್ಟು ಜನರ ಎದುರು ಮಗನನ್ನು ಸುಳ್ಳುಗಾರ ಎನ್ನಲೇ? ಎಲ್ಲರೂ ಹೋದಮೇಲೆ ಕೇಳಿದರೆ, ಸುಮ್ಮನೆ ಆಟಕ್ಕೆ ಅಂದೆ ಎನ್ನುತ್ತಾನೆ.

ನಾನು ಅವನಿಗೆ ಹೇಳಿದ್ದು ಒಂದೇ, ಅಪ್ಪ ಅಕ್ತಾವ್‌ನಲ್ಲಿ ಎಣ್ಣೆಬಾವಿಯ ಕೆಲಸದಲ್ಲಿದ್ದಾರೆ, ದೂರ, ರಜೆ ಸಿಗುವುದಿಲ್ಲ ಎಂದು. ಮೂರು ವರ್ಷದಿಂದ ಇದನ್ನೇ ಹೇಳಿ ನನ್ನ ಬಾಯಿ ಸವೆದಿದೆ. ಎರಡು ವರ್ಷದಿಂದ ನಿಮ್ಮ ಮಗನ ನಂಬರೂ ನನ್ನ ಹತ್ತಿರ ಇಲ್ಲ. ಕೇಳಿದಾಗಲೆಲ್ಲ ನೀವೂ ಇಲ್ಲ ಅಂದಿರಿ. ಮಣ್ಣು ಮಾಡುವವಳಾಗಿದ್ದರೆ ಇಷ್ಟು ದಿನ ಯಾಕೆ ಕಾಯುತ್ತಿದ್ದೆ?

ಈಗಲೂ ನಿಮ್ಮ ಸೊಸೆ,
ಮೋಲ್ದಿರ್


ಕೆಗೆನ್
26 ಅಕ್ಟೋಬರ್

ಮೋಲ್ದಿರ್,

ಹೂಕೋಸಿನ ಕುರಿಯಂತೆ, ಜೆಲ್ಲಿಯ ಕೊಳವಂತೆ. ನನ್ನ ಮನೆಯಲ್ಲಿ ಮಕ್ಕಳು ತಟ್ಟೆಯಲ್ಲಿ ಇದ್ದದ್ದನ್ನು ತಿಂದು ಎದ್ದು ಹೋಗುತ್ತಿದ್ದರು. ಎಲ್ಲವನ್ನೂ ಆಟ ಮಾಡಿದರೆ ಇನ್ನೇನಾಗುತ್ತದೆ? ತಲೆಯೂ ಆಟ, ಸಾವೂ ಆಟ.

ಆಟಕ್ಕೆ ಅಂದನಂತೆ. ಆ ಹುಡುಗ ಆಟಕ್ಕೆ ಅಂಥ ಮಾತು ಆಡುವವನಲ್ಲ. ಬೇಸಿಗೆಯಲ್ಲಿ ಎರಡು ತಿಂಗಳು ನನ್ನ ಪಕ್ಕದಲ್ಲಿ ಮಲಗಿದ್ದ, ನನಗೆ ಗೊತ್ತು. ಕುರಿಮರಿ ಸತ್ತಾಗ ಮೂರು ದಿನ ಮಾಂಸ ಮುಟ್ಟದಿದ್ದ ಹುಡುಗ ಅವನು. ದೊಡ್ಡವರು ಯಾರೋ ಅವನ ಎದುರು ಹೇಳಿದ್ದಾರೆ, ಅವನು ನಂಬಿದ್ದಾನೆ. ಆ ಮನೆಯಲ್ಲಿ ದೊಡ್ಡವರು ಎಂದರೆ ನೀನೊಬ್ಬಳೇ.

ಊರಿನಲ್ಲಿ ನನ್ನ ಗತಿ ಕೇಳು. ಮಸೀದಿಯ ಮುಲ್ಲಾ ಬಂದು ಸತ್ತವನ ನಲವತ್ತನೆಯ ದಿನದ ಊಟ ಯಾವಾಗ ಎಂದು ವಿಚಾರಿಸಿದ. ಅಂಗಡಿಯಲ್ಲಿ ಯಾರೂ ನನ್ನ ಎದುರು ನಗುವುದಿಲ್ಲ. ಮನೆಮನೆಗೆ ಹೋಗಿ, ನನ್ನ ಮಗ ಬದುಕಿದ್ದಾನೆ, ಗುಂಡುಕಲ್ಲಿನ ಹಾಗೆ ಇದ್ದಾನೆ, ಹೋದ ತಿಂಗಳೂ ಮಾತಾಡಿದ್ದಾನೆ ಎಂದು ಹೇಳಿ ಬಂದೆ. ಅವರು ಪಾಪ ಎನ್ನುವ ಹಾಗೆ ನನ್ನ ಮುಖ ನೋಡುತ್ತಾರೆ. ದುಃಖದಲ್ಲಿ ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದಾರೆ.

ಒಂದು ವಾರ ಕೊಡುತ್ತೇನೆ. ಹುಡುಗನನ್ನು ಕೂರಿಸಿಕೊಂಡು ಅಪ್ಪ ಬದುಕಿದ್ದಾನೆ ಎಂದು ಹೇಳು. ನೀನು ಹೇಳದಿದ್ದರೆ ನಾನೇ ವ್ಯಾನು ಹತ್ತಿ ಬರುತ್ತೇನೆ. ಬಂದವಳು ಅವನನ್ನು ಕರೆದುಕೊಂಡೇ ಹೋಗುತ್ತೇನೆ.

ರಾಬಿಗಾ


ಅಲ್ಮಾಟಿ
2 ನವೆಂಬರ್

ಅತ್ತೆಯವರಿಗೆ,

ನಿಮ್ಮ ಕಾಗದದ ಒಂದು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ಹೋದ ತಿಂಗಳೂ ಮಾತಾಡಿದ್ದಾನೆ. ಅಂದರೆ ನಂಬರು ನಿಮ್ಮ ಹತ್ತಿರ ಇದೆ. ಎರಡು ವರ್ಷ ನಾನು ಕೇಳಿದೆ, ಅತ್ತು ಕೇಳಿದೆ, ನನಗೇನು ಗೊತ್ತಮ್ಮ ಅಂದಿರಿ. ಅದು ಪಕ್ಕಕ್ಕಿರಲಿ, ಅದಕ್ಕಿಂತ ದೊಡ್ಡದು ಇನ್ನೊಂದಿದೆ.

ಭಾನುವಾರ ಒಬ್ಬರ ಮನೆಯ ಪಾರ್ಟಿಗೆ ಮೊಟ್ಟೆಯ ಇಲಿಗಳನ್ನು ಮಾಡುತ್ತಿದ್ದೆ. ಬೇಯಿಸಿದ ಮೊಟ್ಟೆಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿ, ಮೂಲಂಗಿಯ ಬಿಲ್ಲೆ ಸಿಕ್ಕಿಸಿದರೆ ಕಿವಿ, ಕರಿಮೆಣಸು ಒತ್ತಿದರೆ ಕಣ್ಣು, ಈರುಳ್ಳಿ ಸೊಪ್ಪಿನ ಎಳೆ ಬಾಲ. ಕಿವಿ ಸಿಕ್ಕಿಸುವುದು ಸಂಜಾರನ ಕೆಲಸ. ಕೈಗೆ ಕೆಲಸವಿದ್ದರೆ ಅವನಿಗೆ ಬಾಯಿ ಬಿಡುವುದು ಸುಲಭ. ನಾನು ಅವನ ಕಡೆ ನೋಡದೆ ಕೇಳಿದೆ, ಅಪ್ಪ ಸತ್ತರು ಅಂತ ನಿನಗೆ ಹೇಳಿದ್ದು ಯಾರು ಪುಟ್ಟಾ ಎಂದು.

ಆರು ಇಲಿಗಳಿಗೆ ಕಿವಿ ಬಂತು. ಆಮೇಲೆ ಅಂದ, "ಅಜ್ಜಿ."

ಬೇಸಿಗೆಯಲ್ಲಿ ಒಂದು ಸಂಜೆ ನೀವು ಹಟ್ಟಿಯ ಹಿಂದೆ ನಿಂತು ಫೋನಿನಲ್ಲಿ ಕೂಗುತ್ತಿದ್ದಿರಂತೆ. "ನನ್ನ ಮಗ ತಲ್ಗತ್ ಸತ್ತ. ಅವನಿಗೆ ಮಣ್ಣು ಹಾಕಾಯ್ತು, ಇನ್ನು ಈ ಮನೆಗೆ ಫೋನ್ ಮಾಡ್ಬೇಡ" ಎಂದಿರಂತೆ. ಅವನು ಕರುವಿನ ಹತ್ತಿರ ಕೂತಿದ್ದ. ನೀವು ಅಳುತ್ತಾ ಈಚೆ ಬಂದು ಅವನನ್ನು ನೋಡಿ, ಕೇಳಿಸಿಕೊಂಡೆಯಾ ಅಂದಿರಿ. ಅವನು ಹೂಂ ಅಂದ. ಅಮ್ಮನಿಗೆ ಹೇಳಬೇಡ, ಅಮ್ಮ ಅಳುತ್ತಾಳೆ ಎಂದು ಹೇಳಿ ಅವನ ಜೇಬಿಗೆ ಒಣಮೊಸರಿನ ಉಂಡೆ ತುಂಬಿದಿರಿ. ಸುಳ್ಳಾಗಿದ್ದರೆ ಸುಳ್ಳು ಎಂದು ಬರೆಯಿರಿ.

ಹುಡುಗ ಹೇಳಲಿಲ್ಲ. ನಾನು ಅಳಬಾರದು ಎಂದು ಮೂರು ತಿಂಗಳು ಒಬ್ಬನೇ ಇಟ್ಟುಕೊಂಡ. ಇನ್ನೊಂದು ಕೇಳಿ. ಆಗಸ್ಟ್‌ನಿಂದ ಪ್ರತಿ ಶುಕ್ರವಾರ ಕಿಟಕಿಯ ಕಟ್ಟೆಯ ಮೇಲೆ ಏಳು ಬಿಸ್ಕತ್ತು ಜೋಡಿಸುತ್ತಿದ್ದ. ಪಾರಿವಾಳಕ್ಕೆ ಇರಬೇಕು ಅಂದುಕೊಂಡೆ. ಬಿಸ್ಕತ್ತು ಹಾಳು ಮಾಡುತ್ತೀಯಾ ಎಂದು ಒಂದು ಸಲ ಬೆನ್ನಿಗೆ ಒಂದು ಕೊಟ್ಟೆ. ಸತ್ತವರಿಗೆಂದು ನೀವು ಶುಕ್ರವಾರ ಏಳು ರೊಟ್ಟಿ ಕರಿಯುವುದನ್ನು ಅವನು ಅಲ್ಲಿ ನೋಡಿದ್ದ. ಕರಿಯಲು ಅವನಿಗೆ ಬರುವುದಿಲ್ಲವಲ್ಲ. ನನ್ನ ಆ ಏಟು ಅಪ್ಪನಿಗೆ ಹೊಡೆದ ಹಾಗಾಯಿತು ಅಂದುಕೊಂಡನೋ ಏನೋ, ಆವತ್ತು ಊಟ ಮಾಡಲಿಲ್ಲ.

ಅಕ್ಷರ ಸೊಟ್ಟಗಾಗಿದ್ದರೆ ಸಿಟ್ಟಿನಿಂದ ಎಂದು ತಿಳಿಯಿರಿ. ನಾನು ಅವನಿಗೆ ಏನನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. ಬಾಯಿ ನಿಮ್ಮದು, ಮಾತು ನಿಮ್ಮದು. ಸತ್ತ ಎಂದವರೇ ಬಂದು ಬದುಕಿದ್ದಾನೆ ಎಂದು ಹೇಳಬೇಕು. ಹೇಳುವಾಗ ಬದುಕಿದ್ದೂ ಯಾಕೆ ಬರಲಿಲ್ಲ ಎಂದು ಕೇಳುತ್ತಾನೆ. ಅದಕ್ಕೂ ಉತ್ತರ ತನ್ನಿ.

ಮೋಲ್ದಿರ್


ಕೆಗೆನ್
4 ಡಿಸೆಂಬರ್

ಮೋಲ್ದಿರ್,

ಒಂದು ತಿಂಗಳು ಬರೆಯಲಿಲ್ಲ. ಮೂರು ಸಲ ಬರೆದು ಒಲೆಗೆ ಹಾಕಿದೆ.

ಸುಳ್ಳಲ್ಲ. ಹಾಗೇ ಅಂದೆ. ಫೋನಿನ ಆ ಕಡೆ ಇದ್ದದ್ದು ಅವನೇ. ನಿನಗೆ ಹೇಳದಿದ್ದದ್ದನ್ನು ಈಗ ಹೇಳುತ್ತೇನೆ. ಅಕ್ತಾವ್‌ನಲ್ಲಿ ಅವನಿಗೆ ಇನ್ನೊಂದು ಮನೆ ಇದೆ. ಮುಲ್ಲಾನನ್ನು ಕರೆಸಿ ಮದುವೆಯಾಗಿದ್ದಾನೆ, ಒಂದು ಹೆಣ್ಣುಮಗುವೂ ಆಗಿದೆ. ಆ ಸಂಜೆ ಫೋನ್ ಮಾಡಿದ್ದು ನನ್ನನ್ನು ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಕರೆಯುವುದಕ್ಕೆ. ಅವನ ಮೊದಲ ಮಗ ನನ್ನ ಅಂಗಳದಲ್ಲಿ ಕರುವಿಗೆ ನೀರು ಕುಡಿಸುತ್ತಿದ್ದಾನೆ, ಇವನು ಎರಡನೆಯದಕ್ಕೆ ನನ್ನ ಆಶೀರ್ವಾದ ಕೇಳುತ್ತಿದ್ದಾನೆ. ಬಾಯಿಗೆ ಬಂದದ್ದು ಅಂದೆ. ಸೆಪ್ಟೆಂಬರಿನಲ್ಲಿ ಮತ್ತೆ ಫೋನ್ ಮಾಡಿದ, ಮತ್ತೆ ಎತ್ತಿದೆ. ತಾಯಿಯ ಕೈ ತಾನಾಗಿ ಎತ್ತುತ್ತದೆ, ಅದಕ್ಕೆ ನೀನು ನನ್ನನ್ನು ಎಷ್ಟು ಬೇಕಾದರೂ ಬೈಯಿ.

ನಿನಗೆ ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀ. ಗೊತ್ತಾದರೆ ನೀನು ನಮ್ಮ ಸಹವಾಸವೇ ಬೇಡ ಎಂದು ಹುಡುಗನನ್ನು ಬೇಸಿಗೆಗೆ ಕಳಿಸುವುದಿಲ್ಲ ಎಂದು ಹೆದರಿದೆ. ನನಗೆ ಉಳಿದಿರುವುದು ಅವನೊಬ್ಬ. ಹೆದರಿಕೆಯಿಂದ ಮಾಡಿದ ಕೆಲಸ, ಹೊಲಸು ಕೆಲಸ. ಹುಡುಗ ನನ್ನ ಮಾತನ್ನು ಹಾಗೆ ನಂಬಿದ್ದಾನೆ ಎಂದು ದೇವರಾಣೆಗೂ ನನಗೆ ಹೊಳೆದಿರಲಿಲ್ಲ. ಅದನ್ನೆಲ್ಲ ನಿನ್ನ ತಲೆಗೆ ಕಟ್ಟಿ ಮೊದಲ ಕಾಗದ ಬರೆದೆನಲ್ಲ, ಅದನ್ನು ಹರಿದುಹಾಕು.

ಶನಿವಾರ ಬರುತ್ತೇನೆ. ನಾನೇ ಹೇಳುತ್ತೇನೆ. ಕೈಗೆ ಕೆಲಸವಿದ್ದರೆ ಅವನು ಮಾತಾಡುತ್ತಾನೆ ಎಂದು ನೀನು ಬರೆದಿದ್ದೆ. ನನಗೆ ನಿನ್ನ ಆ ಆಟದ ಅಡುಗೆಗಳಲ್ಲಿ ಯಾವುದೂ ಬರುವುದಿಲ್ಲ. ಸುಲಭವಾದದ್ದು ಒಂದನ್ನು ಬರೆದು ಕಳಿಸು.

ರಾಬಿಗಾ


ಅಲ್ಮಾಟಿ
7 ಡಿಸೆಂಬರ್

ಅತ್ತೆಯವರಿಗೆ,

ಆ ಹೆಂಗಸಿನ ಹೆಸರು ಬರೆಯದೆ ಇದ್ದದ್ದು ಒಳ್ಳೆಯದಾಯಿತು, ನನಗೆ ಬೇಡ. ಓದಿ ಮುಗಿಸಿದಾಗ ಕೈಯಲ್ಲಿ ತಟ್ಟೆಯಿತ್ತು, ಈಗ ಇಲ್ಲ. ಎರಡು ವರ್ಷ ಹೊಸ ವರ್ಷದ ದಿನ ಅವನಿಗೆ ತಟ್ಟೆ ಇಟ್ಟು ಕಾದಿದ್ದೆ. ನೀವು ಒಂದು ಮಾತು ಹೇಳಿದ್ದರೆ ಆ ಎರಡು ವರ್ಷ ನನ್ನದಾಗುತ್ತಿತ್ತು. ಇದಕ್ಕೆ ನಾನು ನಿಮ್ಮನ್ನು ಕ್ಷಮಿಸಿಲ್ಲ. ಬಂದಾಗ ಬಾಗಿಲು ತೆಗೆಯುತ್ತೇನೆ, ಅಷ್ಟೇ.

ಅಡುಗೆ ಕೇಳಿದಿರಿ. ಆಲೂಗಡ್ಡೆ ಮುಳ್ಳುಹಂದಿ ಮಾಡಿ, ಅವನಿಗೆ ಇಷ್ಟ. ಆರು ಆಲೂಗಡ್ಡೆ ಬೇಯಿಸಿ, ಬಿಸಿಯಿರುವಾಗಲೇ ಬೆಣ್ಣೆ ಹಾಕಿ ನುಣ್ಣಗೆ ಹಿಸುಕಿ. ನಿಮ್ಮ ಅಭ್ಯಾಸದಂತೆ ಹಾಲು ಸುರಿಯಬೇಡಿ, ತೆಳ್ಳಗಾದರೆ ಮುಳ್ಳುಹಂದಿ ಕೂರುವುದಿಲ್ಲ, ಹರಿದುಹೋಗುತ್ತದೆ. ಮುಷ್ಟಿಯಷ್ಟು ತೆಗೆದು ಒಂದು ಕಡೆ ಮೂತಿ ಚೂಪು ಮಾಡಿ. ಒಳಗೆ ಹುರಿದ ಖೀಮಾ ಇಡುವುದಿದ್ದರೆ ಇಡಿ. ಕ್ಯಾರೆಟ್ಟನ್ನು ಕಡ್ಡಿಯಂತೆ ಸೀಳಿ ಬೆನ್ನಿಗೆ ಚುಚ್ಚಿದರೆ ಮುಳ್ಳು. ಮುಳ್ಳು ಚುಚ್ಚುವುದನ್ನು ಅವನಿಗೇ ಬಿಡಿ, ನೀವು ಕೈ ಹಾಕಬೇಡಿ. ಕಣ್ಣಿಗೆ ಬಟಾಣಿ.

ಅವನು ಏನಾದರೂ ಕೇಳಿದರೆ ದೊಡ್ಡವನಾದ ಮೇಲೆ ಗೊತ್ತಾಗುತ್ತದೆ ಅನ್ನಬೇಡಿ. ಅನ್ನುತ್ತೀರಾದರೆ ವ್ಯಾನು ಹತ್ತಲೇಬೇಡಿ.

ಮೋಲ್ದಿರ್


ಅಲ್ಮಾಟಿ
11 ಡಿಸೆಂಬರ್

ತಲ್ಗತ್,

ಅಂಚೆಯಲ್ಲಿ ಬರುವ ಈ ಕಾಗದವನ್ನು ನಿನ್ನ ಹೊಸ ಮನೆಯವಳು ಒಡೆದು ಓದಿದರೂ ನನಗೆ ಚಿಂತೆಯಿಲ್ಲ. ಓದಲಿ.

ನಾನು ನಿನ್ನ ಹೆಂಡತಿಯ ಅಡುಗೆಮನೆಯಲ್ಲಿ ಕೂತಿದ್ದೇನೆ. ನಿನ್ನ ಮಗ ಏಳು ತುಂಬಿದವನು, ಬೇಸಿಗೆಯಿಂದ ನಿನ್ನನ್ನು ಸತ್ತವನೆಂದು ತಿಳಿದಿದ್ದ. ಹಾಗೆ ತಿಳಿಯುವಂತೆ ಮಾಡಿದ್ದು ನಾನು. ನಿನ್ನ ಮೇಲೆ ಕೂಗಿದ್ದು ಅವನ ಕಿವಿಗೆ ಬಿತ್ತು. ಆ ತಪ್ಪು ನನ್ನದು, ಅದರಲ್ಲಿ ನಿನಗೆ ಪಾಲು ಕೊಡುವುದಿಲ್ಲ. ನಿನ್ನ ತಪ್ಪು ಬೇರೆ ಇದೆ.

ನಿನ್ನೆ ಇಬ್ಬರೂ ಆಲೂಗಡ್ಡೆ ಹಿಸುಕಿ ಮುಳ್ಳುಹಂದಿ ಮಾಡಿದೆವು. ನಾನು ಮಾಡಿದ್ದಕ್ಕೆ ಮೂತಿಯೇ ಬರಲಿಲ್ಲ. ಅಜ್ಜೀ, ಇದು ಹಸುವಿನ ಸಗಣಿ ಎಂದು ನಕ್ಕ. ಮೋಲ್ದಿರ್ ಕಿಟಕಿಯ ಕಡೆ ತಿರುಗಿ ಪಾತ್ರೆ ಉಜ್ಜುತ್ತಿದ್ದಳು, ಉಜ್ಜಿದ್ದನ್ನೇ ಉಜ್ಜುತ್ತಿದ್ದಳು. ಅವನು ಮುಳ್ಳು ಚುಚ್ಚುತ್ತಿರುವಾಗ ಹೇಳಿದೆ. ನಿನ್ನಪ್ಪ ಸತ್ತಿಲ್ಲ ಮರಿ, ಸಿಟ್ಟಿನಲ್ಲಿ ಅಜ್ಜಿ ಸುಳ್ಳು ಹೇಳಿದಳು. ಅಕ್ತಾವ್‌ನಲ್ಲಿ ಇದ್ದಾನೆ, ಅಲ್ಲಿ ಬೇರೆ ಮನೆ ಮಾಡಿಕೊಂಡಿದ್ದಾನೆ, ನಿನಗೊಬ್ಬಳು ತಂಗಿ ಇದ್ದಾಳೆ ಎಂದು ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ. ನಿನ್ನನ್ನು ಒಳ್ಳೆಯವನನ್ನಾಗಿ ತೋರಿಸಲೂ ಇಲ್ಲ.

ಅವನು ಅಳುತ್ತಾನೆ ಅಂದುಕೊಂಡಿದ್ದೆ. ಕುಣಿಯುತ್ತಾನೆ ಎಂದೂ ಒಂದು ಆಸೆ ಇತ್ತು. ಎರಡೂ ಇಲ್ಲ. ಮುಳ್ಳು ಚುಚ್ಚುತ್ತಲೇ ಕೇಳಿದ, "ಅಪ್ಪಂಗೆ ಕಾಲು ನೋವಾ?"

ಇಲ್ಲ ಅಂದೆ.

"ಫೋನ್ ಇದ್ಯಾ?"

ಇದೆ ಅಂದೆ.

"ನನ್ನ ಹುಟ್ಟುಹಬ್ಬ ಯಾವತ್ತು ಅಂತ ಗೊತ್ತಾ?"

ಮೋಲ್ದಿರ್ ನಲ್ಲಿ ನಿಲ್ಲಿಸಿದಳು. ಗೊತ್ತಿಲ್ಲ ಎಂಬ ಸುಳ್ಳು ನಾಲಿಗೆಯ ತುದಿಯವರೆಗೂ ಬಂತು, ತಲ್ಗತ್. ತಾಯಿಯಲ್ಲವೇ ನಾನು. ಅವಳ ಬೆನ್ನು ನೋಡಿದೆ, ಗೊತ್ತು ಮರಿ ಅಂದೆ.

ಆಗ ಅವನು ಮುಳ್ಳುಹಂದಿಯ ಬೆನ್ನಿನಿಂದ ಕ್ಯಾರೆಟ್ ಕಡ್ಡಿಗಳನ್ನು ಒಂದೊಂದಾಗಿ ಕಿತ್ತು ಮೇಜಿನ ಮೇಲೆ ಹಾಕಿದ. ಮುಖ ಕೆಂಪಗಾಗಿತ್ತು. "ಸತ್ತೋಗಿದ್ದಾರೆ ಅಂತ ನಾನು ಅವ್ರ ಮೇಲೆ ಸಿಟ್ಟೇ ಮಾಡ್ಕೊಂಡಿರ್ಲಿಲ್ಲ" ಎಂದ. ಆಮೇಲೆ ಆಲೂಗಡ್ಡೆಯನ್ನು ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿದ. ನಾನು ಮಾಡಿದ್ದನ್ನೂ ಚಪ್ಪಟೆ ಮಾಡಿದ. ಮೋಲ್ದಿರ್ ಬಂದು ಬೇಯಿಸಿದ ಆಲೂಗಡ್ಡೆ ಉಳಿದಿದ್ದ ಪಾತ್ರೆಯನ್ನೇ ಅವನ ಮುಂದೆ ಇಟ್ಟಳು. ಅವನು ಅದನ್ನೂ ಎರಡೂ ಮುಷ್ಟಿಯಿಂದ ಗುದ್ದಿದ. ನಾವಿಬ್ಬರೂ ತಡೆಯಲಿಲ್ಲ. ನನ್ನ ಜೊತೆ ಇನ್ನೂ ಮಾತಾಡಿಲ್ಲ. ಮಾತಾಡು ಎಂದು ಕೇಳುವ ಮುಖ ನನಗಿಲ್ಲ.

ಇವತ್ತು ಬೆಳಿಗ್ಗೆ ತಾಯಿಯ ಕೈಯಲ್ಲಿ ನನಗೆ ಹೇಳಿ ಕಳಿಸಿ ನಿನ್ನ ನಂಬರು ಕೇಳಿದ. ಕೊಟ್ಟೆ. ಏನೇನು ಹೇಳಬೇಕು ಎಂದು ಶಾಲೆಯ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾನೆ. ಒಂದು ಪುಟ ಆಗಿದೆ, ಇನ್ನೂ ಬರೆಯುತ್ತಿದ್ದಾನೆ. ಬರೆದು ಮುಗಿಸಲಿ, ಅವಸರ ಬೇಡ ಎಂದಿದ್ದಾಳೆ ಅವನ ತಾಯಿ. ಈ ಕಾಗದ ನಿನ್ನ ಕೈಗೆ ಬರುವ ಹೊತ್ತಿಗೆ ಫೋನ್ ಮಾಡುತ್ತಾನೆ.

ಬಂದಾಗ ಎತ್ತು. ಕೆಲಸದಲ್ಲಿದ್ದೇನೆ ಅನ್ನಬೇಡ, ಆಟದ ಸಾಮಾನು ಕಳಿಸುತ್ತೇನೆ ಅನ್ನಬೇಡ. ಮಗು ನಿನ್ನನ್ನು ಬೈದು ಮುಗಿಸುವ ತನಕ ಫೋನ್ ಇಡಬೇಡ.

ನಿನ್ನ ತಾಯಿ
ರಾಬಿಗಾ